ಮೂರು ಮಂಡಲದ ಮಾತ್ರೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಏಳನೇ ಕ್ಲಾಸು ಮುಗಿಯುವ ಮೊದಲೇ. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತು ಬೆಳಿಗ್ಗೆ ನನ್ನ ಓದಿನ ವಿಚಾರಣೆ ಒಂದು ಔಷಧಿ ಅಂಗಡಿಯಲ್ಲಿ ಆಗಿಹೋಯಿತು. ಕೆಮ್ಮಿನ ಸಿರಪ್ಪಿಗೆ ಹೋಗಿದ್ದೆ. ಸ್ಪಿರಿಟ್ಟು, ಕಹಿ ಪುಡಿ ಎರಡೂ ಕಲೆತ ಆ ಅಂಗಡಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಆ ಹಳೇ ದಿನ ನೆನಪಾಗುತ್ತದೆ. ಪಕ್ಕದಲ್ಲಿ ಒಬ್ಬ ಹೆಂಗಸು ತಮ್ಮ ಯಜಮಾನರಿಗೆ ಹೇಳುತ್ತಿದ್ದರು: "ಈಗ ಚೆನ್ನಾಗಿ ನಿದ್ದೆ ಬರ್ತಿದೆಯಲ್ಲ, ಇವತ್ತಿಂದ ಆ ತಲೆ ಮಾತ್ರೆ ಬಂದ್ ಮಾಡಿಬಿಡಿ."

ಬಾಯಿ ಸುಮ್ಮನಿರಲಿಲ್ಲ. "ಕೊಟ್ಟ ಡಾಕ್ಟ್ರನ್ನ ಕೇಳಿ ಬಿಡ್ಸಿ ಅಮ್ಮ. ಒಂದೇ ಸಲಕ್ಕೆ ಬೇಡ," ಅಂದೆ.

"ನೀವು ಡಾಕ್ಟ್ರಾ?"

"ಅಲ್ಲ, ಪೇಂಟರು. ಏಳನೇ ಕ್ಲಾಸು."

ಅಂಗಡಿಯವನೂ ನಕ್ಕ, ಅವರೂ ನಕ್ಕರು. ನಾನು ನಗಲಿಲ್ಲ. ಲಿಂಗರಾಜಪುರದ ನಮ್ಮ ಮನೆ ಬಾಗಿಲು ಮುಟ್ಟುವವರೆಗೂ ಕುದಿಯುತ್ತಲೇ ಬಂದೆ. ನೀವಾದರೂ ಸ್ವಲ್ಪ ಕೂತು ಕೇಳಿ.

ಪೇಂಟರು ಅಂದರೆ ಗೋಡೆಗೆ ಸುಣ್ಣ ಬಳಿಯುವವನಲ್ಲ. ಅದರಲ್ಲಿ ತಪ್ಪೇನಿಲ್ಲ, ಆದರೆ ನಾನು ಬೋರ್ಡು ಬರೆಯುವವನು. ಶಿವಾಜಿನಗರದಲ್ಲಿ ಒಂದೇ ಬೋರ್ಡಿನ ಮೇಲೆ ಕನ್ನಡ, ತಮಿಳು, ಉರ್ದು, ಇಂಗ್ಲಿಷು ನಾಲ್ಕನ್ನೂ ಬರೆದಿದ್ದೇನೆ. ಓದಲಿಕ್ಕೆ ಬರುತ್ತಿದ್ದದ್ದು ಒಂದು, ಬರೆಯಲಿಕ್ಕೆ ಬರುತ್ತಿದ್ದದ್ದು ನಾಲ್ಕು. ಹೀಗೆ ಹೇಳಿಕೊಳ್ಳುವ ಪಂಡಿತರು ಎಷ್ಟು ಜನ ಇದ್ದಾರೆ ಹೇಳಿ! ರಿಚರ್ಡ್ಸ್ ಟೌನಿನ ಒಂದು ಶಾಲೆಗೆ ಬೋರ್ಡು ಬರೆದಾಗಂತೂ ಎದುರು ಫುಟ್‌ಪಾತಿನಲ್ಲಿ ನಿಂತು ಬಹಳ ಹೊತ್ತು ನೋಡಿದ್ದೆ. ಶಾಲೆ ಬಿಟ್ಟವನ ಅಕ್ಷರ ಶಾಲೆಯ ನೆತ್ತಿಯ ಮೇಲೆ ಕೂತಿತ್ತು.

ಎಪ್ಪತ್ತರ ದಶಕ ಶುರುವಾಗಿತ್ತು. ಹಲಸೂರಿನ ಒಂದು ಜವಳಿ ಅಂಗಡಿಯ ಮುಂದೆ ಸಾರ್ವೆ ಕಟ್ಟಿಸಿಕೊಂಡು ಬರೆಯುತ್ತಿದ್ದೆ. ಸಾರ್ವೆ ಅಂದರೆ ನಾವು ನಿಂತು ಕೆಲಸ ಮಾಡಲು ಬೊಂಬು, ಹಗ್ಗದಲ್ಲಿ ಕಟ್ಟುವ ಅಟ್ಟಣೆ. ಇದ್ದಕ್ಕಿದ್ದ ಹಾಗೆ ಎದೆ ಡವಗುಟ್ಟಿತು, ಉಸಿರು ಸಿಕ್ಕಲಿಲ್ಲ, ಬೊಂಬನ್ನು ಅಪ್ಪಿಕೊಂಡು ಕೂತುಬಿಟ್ಟೆ. ಇಬ್ಬರು ಮೇಲೆ ಹತ್ತಿಬಂದು, ಅಕ್ಕಿ ಮೂಟೆ ಇಳಿಸಿದ ಹಾಗೆ ನನ್ನನ್ನು ಇಳಿಸಿದರು. ಆಮೇಲೆ ಏಣಿ ಕಂಡರೂ ಭಯ, ಮಲಗಿದರೂ ಭಯ. ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಆ ಮಾತ್ರೆಯಿಂದಲೇ ನಿದ್ದೆ ಬಂತು, ಮತ್ತೆ ಏಣಿ ಹತ್ತಿದೆ.

ನಮ್ಮಮ್ಮನಿಗೆ ಮದ್ದು ಅಂದರೆ ಮಂಡಲದ ಲೆಕ್ಕ, ಒಂದು ಮಂಡಲಕ್ಕೆ ನಲವತ್ತೆಂಟು ದಿನ. ನನಗೆ ಚಿಕ್ಕಂದಿನಲ್ಲಿ ಕಾಮಾಲೆ ಆದಾಗ ಕೆ.ಆರ್. ಪುರದ ಪಂಡಿತರ ಹತ್ತಿರ ಒಂದು ಮಂಡಲ ನಾಟಿ ಔಷಧಿ ಕುಡಿಸಿ, ಪಥ್ಯ ಮಾಡಿಸಿ, ಕೊನೇ ದಿನ ಎಣ್ಣೆ ನೀರು ಹಾಕಿ ಮುಗಿಸಿದ್ದಳು. ಇಂಗ್ಲಿಷ್ ಮಾತ್ರೆಗೂ ಅದೇ ಶಾಸ್ತ್ರ. ತಲೆಯ ಕಾಯಿಲೆ ಸ್ವಲ್ಪ ದೊಡ್ಡದು ಅಂತ ಧಾರಾಳವಾಗಿ ಮೂರು ಮಂಡಲ ಕೊಟ್ಟಳು. ಮೂರನೆಯದು ಮುಗಿದ ದಿನ ಹರಳೆಣ್ಣೆ, ಸೀಗೆಪುಡಿ, ಬಿಸಿನೀರು, ಪಾಯಸ. ಉಳಿದ ಮಾತ್ರೆಗಳನ್ನು ಎಲೆಯಲ್ಲಿ ಕಟ್ಟಿ ಹಲಸೂರು ಕೆರೆಗೆ ಬಿಟ್ಟು, ತಿರುಗಿ ನೋಡದೆ ಬಂದಳು. ಕಾಯಿಲೆಯೂ ಅದರ ಜೊತೆ ಹೋಯಿತು ಅಂತ.

ಅವಳ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಯಾರು ಏನು ಹೇಳಿದ್ದರು? ಕೋಪ ನಮ್ಮಕ್ಕನ ಗಂಡನ ಮೇಲೆ. ಭಾವ ಫ್ಯಾಕ್ಟರಿಯಲ್ಲಿ ಗುಮಾಸ್ತರು, ಇಂಗ್ಲಿಷ್ ಪೇಪರ್ ಓದುವವರು. "ಮದುವೆ ವಯಸ್ಸು ಕಣಯ್ಯಾ. ಹೆಣ್ಣಿನ ಕಡೆಯವರು ಬಂದಾಗ ಗೂಡಲ್ಲಿ ಆ ಮಾತ್ರೆ ಕಂಡ್ರೆ ಏನಂತ ಹೇಳೋದು? ಪೆಪ್ಪರಮೆಂಟು ಅಂತಾನಾ?" ಅಂದಿದ್ದರು.

ಮಾತ್ರೆ ಬಿಟ್ಟು ಕೆಲವೇ ದಿನ ಆಗಿತ್ತು. ಮೊದಲು ನಿದ್ದೆ ಹೋಯಿತು. ಪಾತ್ರೆ ಸದ್ದಾದರೆ ಮೈಯೆಲ್ಲ ಬೆಚ್ಚುತ್ತಿತ್ತು, ಬನಿಯನ್ ಬೆವರಿ ಒದ್ದೆ. ಆಮೇಲೆ ಕೈ ನಡುಕ. ನನ್ನ ಬಲಗೈ! ಬೀದಿಯವರು ಕುಡಿತ ಕಲಿತಿದ್ದಾನೆ ಅಂದರು, ಅಮ್ಮ ದೃಷ್ಟಿ ತೆಗೆದಳು, ಭಾವ ಮಾತ್ರ ಗೆದ್ದವರ ಹಾಗೆ "ನೋಡ್ದಾ, ಎಂಥಾ ವಿಷ ತಿಂತಿದ್ದೆ!" ಅಂದರು.

ಶಿವಾಜಿನಗರದಲ್ಲಿ ಬಾಷಾ ಭಾಯಿ ಅಂತ ಹೋಟೆಲಿನವರು, ಅವರ ಬೋರ್ಡು ಒಪ್ಪಿಕೊಂಡಿದ್ದೆ. ತಗಡನ್ನು ಗೋಡೆಗೆ ಒರಗಿಸಿ ಎರಡು ಅಕ್ಷರ ಬರೆದೆ. ಭಾಯಿ ಚಹಾ ಹಿಡಿದು ಬಂದರು. "ಕ್ಯಾ ಪೇಂಟರ್ ಸಾಬ್, ನಮ್ ಹೋಟ್ಲು ಜಟಕಾ ಹತ್ತಿ ಹೊಂಟಂಗೈತೆ! ಏನಿದು ಕುಣಿತ?" ಅಂತ ನಕ್ಕವರು ನನ್ನ ಕೈ ನೋಡಿ ನಗು ನಿಲ್ಲಿಸಿದರು. ಸೀಮೆಎಣ್ಣೆ ಬಟ್ಟೆ ತಗೊಂಡು, ದಾರಿಹೋಕರು ನೋಡುವ ಮೊದಲೇ ಆ ಅಕ್ಷರ ತಾವೇ ಒರೆಸಿದರು. "ಬೋರ್ಡು ಎಲ್ಲೂ ಓಡೋಗಲ್ಲ. ನಡಿ," ಅಂತ ಆಟೋ ಹತ್ತಿಸಿ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಗದರಿದರು. "ಯಾರ್ರೀ ಹೇಳಿದ್ದು ಒಂದೇ ದಿನಕ್ಕೆ ನಿಲ್ಸೋಕೆ? ಏಣಿ ಮೇಲಿದ್ದಾಗ ಫಿಟ್ಸ್ ಬಂದಿದ್ರೆ ಏನ್ ಗತಿ?"

ಆಗ ನನಗೂ ಉರಿದುಹೋಯಿತು. "ನಿಲ್ಸಬೇಡ ಅಂತ ನೀವಾದ್ರೂ ಎಲ್ಲಿ ಹೇಳಿದ್ರಿ ಸಾರ್? ಊಟಕ್ಕೆ ಮುಂಚೆನಾ ಆಮೇಲಾ ಅಂತ ಹೇಳಿದ್ರಿ. ಹಾಲು ಕುಡಿ ಅಂದ್ರಿ. ಬಿಡೋದು ಹೆಂಗೆ ಅಂತ ಒಂದ್ ಮಾತು ಹೇಳಿದ್ರಾ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳ್ಬೇಕಿತ್ತು. ಹೇಳಲಿಲ್ಲ," ಅಂದರು. ಆಮೇಲೆ ನಿಧಾನವಾಗಿ ಹೇಳಿದರು. ಇದು ಹಳೇ ಕಾಯಿಲೆಯಲ್ಲ, ಮಾತ್ರೆಗೆ ಒಗ್ಗಿಹೋದ ಮೈಯಿಂದ ಅದನ್ನು ದಿಢೀರನೆ ಕಿತ್ತುಕೊಂಡದ್ದಕ್ಕೆ ಮೈ ಮಾಡುತ್ತಿರುವ ಗಲಾಟೆ. ಮತ್ತೆ ಶುರು ಮಾಡಬೇಕು. ಮೈ ನೆಲೆಗೆ ಬಂದಮೇಲೆ ಚೂರು ಇಳಿಸೋದು, ಅದು ಒಗ್ಗಿತಾ ನೋಡೋದು, ಆಮೇಲೆ ಇನ್ನೊಂದು ಚೂರು. ತೊಂದರೆಯಾದರೆ ಅಲ್ಲೇ ನಿಲ್ಲೋದು. ಕೊನೆಯ ಚೂರುಗಳನ್ನು ಇನ್ನೂ ನಿಧಾನವಾಗಿ ಬಿಡೋದು. ಪ್ರತಿ ಸಲವೂ ಅವರನ್ನು ಕೇಳಿಯೇ. ಅಲ್ಲಿಯವರೆಗೆ ಏಣಿ ಹತ್ತಬಾರದು.

ನನಗೆ ಸಾರ್ವೆ ನೆನಪಾಯಿತು. ಕೆಲಸ ಮುಗಿಯಿತು ಅಂತ ಯಾರಾದರೂ ಬುಡದ ಹಗ್ಗ ಕೊಯ್ಯುತ್ತಾರಾ? ಮೇಲಿನಿಂದ ಒಂದೊಂದೇ ಬೊಂಬು ಬಿಚ್ಚಿಕೊಂಡು ಇಳಿಯುತ್ತಾರೆ. ನಮ್ಮ ಮನೆಯವರು ನನ್ನನ್ನು ಮೇಲೆ ನಿಲ್ಲಿಸಿಯೇ ಬುಡ ಕೊಯ್ದು, ಪಾಯಸ ಉಂಡಿದ್ದರು.

ಅಮ್ಮ ಬೇಗ ಬದಲಾದಳು. "ಇನ್ನೆಷ್ಟು ಮಂಡಲ ಮಗಾ?" ಅಂದಳು. "ಮಂಡಲ ಇಲ್ಲಮ್ಮ, ಮೈ ಹೇಳ್ಬೇಕು, ಡಾಕ್ಟ್ರು ಹೇಳ್ಬೇಕು," ಅಂದೆ. ಅವತ್ತಿನಿಂದ ಕೇಳಲಿಲ್ಲ. ಭಾವ ಬಿಡಲಿಲ್ಲ. ಬಂದಾಗಲೆಲ್ಲ ನಶ್ಯ ಏರಿಸುತ್ತಾ, "ಇನ್ನೂ ನಡೀತಿದೆಯಾ? ಗಂಡಸಾಗಿ ಒಂದು ಚೂರು ಮಾತ್ರೆ ಬಿಡೋಕಾಗಲ್ವೇನಯ್ಯಾ? ಮನಸ್ಸು ಗಟ್ಟಿ ಮಾಡ್ಕೋ!"

ಒಂದು ಭಾನುವಾರ ತಡೆಯಲಾಗಲಿಲ್ಲ. "ಭಾವ, ಆ ನಶ್ಯದ ಡಬ್ಬಿ ಇಲ್ಲಿ ಕೊಡಿ. ನೀವು ಈ ಗಳಿಗೆಯಿಂದ ಬಿಡಿ, ನಾನೂ ಬಿಡ್ತೀನಿ."

"ಏನ್ ಮಹಾ!" ಅಂತ ಡಬ್ಬಿ ನನ್ನ ಕೈಗೆ ಹಾಕಿದರು. ಊಟ ಆಗುವಷ್ಟರಲ್ಲಿ ಅಕ್ಕನ ಮೇಲೆ ರೇಗಿ, ಸಾರಿಗೆ ಉಪ್ಪಿಲ್ಲ ಅಂತ ಜಗಳವಾಡಿ, ಆಕಳಿಸಿ, ಕೊನೆಗೆ ನನ್ನ ಅಂಗಿ ಜೇಬಿನಲ್ಲಿ ಕೈಹಾಕಿ ತಡಕಾಡುತ್ತಾ ಸಿಕ್ಕಿಬಿದ್ದರು. "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಳಿಯಂದ್ರೇ," ಅಂದಳು ಅಮ್ಮ, ಒಲೆ ಮುಂದಿನಿಂದಲೇ. ಆಮೇಲೆ ಅವರು ನನ್ನ ಮಾತ್ರೆಯ ಸುದ್ದಿ ಎತ್ತಲಿಲ್ಲ.

ತಿಂಗಳುಗಟ್ಟಲೆ ಹಿಡಿಯಿತು. ನಡುವೆ ಒಮ್ಮೆ ಇಳಿಸಿದ್ದು ಮೈಗೆ ಹಿಡಿಸದೆ ಬಹಳ ದಿನ ಅಲ್ಲೇ ನಿಂತೆವು. ಅಲ್ಲಿಯವರೆಗೆ ನೆಲದಲ್ಲಿ ಕೂತೇ ಆಗುವ ನಂಬರ್ ಪ್ಲೇಟು, ಟ್ರಂಕಿನ ಮೇಲಿನ ಹೆಸರು ಬರೆದೆ. ಭಾಯಿಯ ಹೋಟೆಲು ಅಷ್ಟು ಕಾಲವೂ ಬೋಳು ತಗಡಿನ ಕೆಳಗೇ ವ್ಯಾಪಾರ ಮಾಡಿತು. ಬೇರೆ ಪೇಂಟರುಗಳು ಕೇಳಿದರೆ "ನಮ್ ಉಸ್ತಾದ್ ರಜಾದಲ್ಲವ್ನೆ" ಅನ್ನುತ್ತಿದ್ದರಂತೆ. ಮಾತ್ರೆ ಪೂರ್ತಿ ಬಿಟ್ಟು, ಡಾಕ್ಟರು ಹೂಂ ಅಂದಮೇಲೆ, ಭಾಯಿಯ ಬೋರ್ಡು ಬರೆದೆ. ಗೆರೆ ನೆಟ್ಟಗೆ ಬಂತು.

ಇಷ್ಟು ವರ್ಷವಾದರೂ ಜನ ಇಂಥ ಮಾತ್ರೆ ಶುರು ಮಾಡುವಾಗ ಹತ್ತು ಸಲ ಯೋಚಿಸುತ್ತಾರೆ, ಬಿಡುವಾಗ ಒಂದು ಸಲವೂ ಕೇಳುವುದಿಲ್ಲ. ನನಗೆ ಬಿಡಲು ಆಯಿತು. ಕೆಲವರಿಗೆ ಅದು ಕೊನೆಯವರೆಗೂ ಬೇಕು, ಬೇಕಾದರೆ ತಗೊಳ್ಳಲಿ. ಕನ್ನಡಕ ಹಾಕಿದವನನ್ನು ನಿಲ್ಲಿಸಿ, ಯಾವಾಗ ಬಿಡುತ್ತೀಯ, ಮನಸ್ಸು ಗಟ್ಟಿ ಮಾಡ್ಕೋ ಅಂತ ಯಾರಾದರೂ ಕೇಳುತ್ತಾರಾ? ಇಷ್ಟು ವರ್ಷ ಇದನ್ನು ಮನೆಯೊಳಗೇ ಗೊಣಗಿದ್ದೇನೆ. ಇನ್ನು ಮೇಲೆ ಅಂಗಡಿಯಲ್ಲಾಗಲಿ, ಬಸ್ಸಿನಲ್ಲಾಗಲಿ, ಯಾರು ನಕ್ಕರೂ ಹೇಳುವವನೇ.

ಈಗ ನನಗಿರುವುದು ಎರಡು ಕೋಣೆಯ ಸ್ವಂತ ಮನೆ, ಮಾತ್ರೆಯ ವಿಷಯ ಪೂರ್ತಿ ಕೇಳಿಸಿಕೊಂಡು ಒಪ್ಪಿ ಬಂದ ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಐದು ಬ್ರಷ್ಷು, ನಡುಗದ ಒಂದು ಬಲಗೈ.