ಹಸಿರು ಲೋಟದ ಕಾಂಪೌಂಡರ್

ಕಾಂಪೌಂಡರ್‌ನ ಮುಖವನ್ನು ಮೊದಲ ಸಲ ಕಂಡವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಮೂರನೇ ವಯಸ್ಸಿನಲ್ಲಿ ಬಂದ ಸಿಡುಬು ಕೆನ್ನೆಯ ತುಂಬ ಕುಳಿ ಬಿಟ್ಟು ಹೋಗಿತ್ತು. ಒಂಬತ್ತನೇ ವಯಸ್ಸಿನಲ್ಲಿ ಮೆಟ್ಟಿಲಿನಿಂದ ಉರುಳಿ ಎಡಹುಬ್ಬು ಸೀಳಿತ್ತು. ಆ ಕಡೆಯ ರೆಪ್ಪೆ ಅರ್ಧ ಇಳಿದದ್ದು ಮತ್ತೆ ಮೇಲೇಳಲೇ ಇಲ್ಲ. ಮಿಕ್ಕ ಕೊರತೆಯನ್ನು ಗಂಟಲು ತುಂಬಿಕೊಟ್ಟಿತು. ಅವನು "ಊಟ ಆಯ್ತಾ?" ಎಂದು ಕೇಳಿದರೂ ಎದುರಿನವರಿಗೆ ಬೆದರಿಕೆ ಹಾಕಿದಂತೆ ಕೇಳಿಸುತ್ತಿತ್ತು. ಸ್ವಭಾವ ಮಾತ್ರ ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ಜಿರಲೆ ಕಂಡರೆ ಪೊರಕೆ ಹಿಡಿಯುವವಳು ಹೆಂಡತಿ. ಇವನು ಕುರ್ಚಿಯ ಮೇಲೆ ಕಾಲೆತ್ತಿ ಕೂತು, "ಪಾಪ, ಹೋಗ್ಲಿ ಬಿಡೇ" ಎನ್ನುವವನು.

ಇಪ್ಪತ್ತೆಂಟು ವರ್ಷದಿಂದ ಅವನದು ಒಂದೇ ದವಾಖಾನೆ. ಒಳಗಿನ ಕೋಣೆಯಲ್ಲಿ ಡಾಕ್ಟರು ಚೀಟಿ ಬರೆಯುತ್ತಿದ್ದರು. ಹೊರಗಿನ ಕೋಣೆಯ ಗೂಡಿನಂಥ ಕಿಟಕಿಯ ಹಿಂದೆ ನಿಂತು ಇವನು ದೊಡ್ಡ ಸೀಸೆಗಳಿಂದ ಚಿಕ್ಕ ಸೀಸೆಗಳಿಗೆ ಔಷಧಿ ಸುರಿಯುತ್ತಿದ್ದ. ಸೀಸೆಯ ಮೈಗೆ ಗುರುತು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, "ಇಲ್ಲೀವರೆಗೆ ಬೆಳಿಗ್ಗೆ, ಇಲ್ಲೀವರೆಗೆ ಸಂಜೆ" ಎಂದು ಬೆರಳಿಟ್ಟು ತೋರಿಸುತ್ತಿದ್ದ. ಔಷಧಿ ಬೇಡವೆಂದು ರಚ್ಚೆ ಹಿಡಿದ ಮಕ್ಕಳಿಗೆ ಅವನದೇ ಒಂದು ಉಪಾಯವಿತ್ತು. ಮೊದಲು ಒಂದು ಹನಿ ತನ್ನ ನಾಲಿಗೆಗೆ ಬಿಟ್ಟುಕೊಂಡು ಚಪ್ಪರಿಸುವುದು. ಮಗು ಅಳು ನಿಲ್ಲಿಸಿ ನೋಡುತ್ತಿತ್ತು, ಅಷ್ಟರಲ್ಲಿ ಚಮಚ ಬಾಯೊಳಗೆ. ಆ ಬೀದಿಯಲ್ಲಿ ಅವನ ಕೈಯಿಂದ ಔಷಧಿ ಕುಡಿಯದೆ ದೊಡ್ಡವರಾದವರು ಕಡಿಮೆ.

ವರ್ಷಕ್ಕೊಂದು ಸಲ ಮಾತ್ರ ಅವನು ಕೆಟ್ಟವನಾಗುತ್ತಿದ್ದ. ಬಡಾವಣೆಯ ಹವ್ಯಾಸಿ ನಾಟಕ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಖಳನಾಯಕ ಅವನೇ. ತಂಡ ಕಟ್ಟಿದ್ದು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಪಾತ್ರ ಹಂಚಲು ಮೇಷ್ಟ್ರು ಯಾರಿಂದಲೂ ಒಂದು ಸಾಲು ಓದಿಸುತ್ತಿರಲಿಲ್ಲ. ಎಲ್ಲರನ್ನೂ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, ತಾವು ಸಭಾಂಗಣದ ಕಟ್ಟಕಡೆಯ ಬೆಂಚಿಗೆ ಹೋಗಿ ಕೂತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಇದಕ್ಕೆ ತಂಡದಲ್ಲಿ ನಲವತ್ತು ಅಡಿ ಪರೀಕ್ಷೆ ಎಂದು ಹೆಸರು. ಅಲ್ಲಿಂದ ಕಂಡ ಮುಖ ಏನು ಹೇಳುತ್ತದೋ ಅದೇ ಪಾತ್ರ. ಮೊದಲ ವರ್ಷವೇ ಕಾಂಪೌಂಡರ್‌ನತ್ತ ಬೆರಳು ತೋರಿಸಿ, "ಇವರಿಗೆ ಬಣ್ಣಾನೂ ಬೇಡ, ಖರ್ಚು ಉಳೀತು" ಎಂದಿದ್ದರು.

ಬೇಸರವೇನೂ ಆಗಿರಲಿಲ್ಲ. ಖಳನಿಗೆ ಒಳ್ಳೊಳ್ಳೆಯ ಮಾತುಗಳಿರುತ್ತವೆ, ಗಹಗಹಿಸಿ ನಗಲು ಸಿಗುತ್ತದೆ. ಹೀರೋ ಆದವನು ಎರಡೂವರೆ ಗಂಟೆ ನೆಟ್ಟಗೆ ನಿಂತಿರಬೇಕು. ತಂಡದ ಸಾಮಾನು ಪೆಟ್ಟಿಗೆಯಲ್ಲಿ ದಪ್ಪ ಗಾಜಿನ ಹಸಿರು ಲೋಟವೊಂದಿತ್ತು. ಕಥೆ ಯಾವುದೇ ಇರಲಿ, ಎರಡನೇ ಅಂಕದಲ್ಲಿ ಕಾಂಪೌಂಡರ್ ಆ ಲೋಟದಲ್ಲಿ ಯಾರಿಗಾದರೂ ವಿಷ ಕೊಡಲೇಬೇಕು, ಜನ "ಕುಡೀಬೇಡ! ಕುಡೀಬೇಡ!" ಎಂದು ಕೂಗಲೇಬೇಕು. ಕೂಗದಿದ್ದರೆ ಆ ವರ್ಷದ ನಾಟಕ ಬಿದ್ದುಹೋಯಿತೆಂದೇ ಲೆಕ್ಕ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಮೊಮ್ಮಗಳು ಬಂದಳು. ಮಗಳಿಗೆ ಇಲ್ಲೇ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿ, ಆರು ವರ್ಷದ ಪುಟ್ಟಿಯನ್ನು ಕರೆದುಕೊಂಡು ತವರಿಗೇ ಬಂದು ಉಳಿದಳು. ಪುಟ್ಟಿಗೆ ತಾತನ ಮುಖದ ಭಯವಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖಕ್ಕೆ ಯಾರು ಹೆದರುತ್ತಾರೆ? ಕೆನ್ನೆಯ ಕುಳಿಗಳನ್ನು ಬೆರಳಿನಿಂದ ಎಣಿಸುತ್ತ ಅವನ ತೊಡೆಯ ಮೇಲೇ ನಿದ್ದೆ ಹೋಗುತ್ತಿದ್ದಳು. ಆ ವರ್ಷದ ನಾಟಕಕ್ಕೆ ಅವಳನ್ನೂ ಕರೆದುಕೊಂಡು ಹೋದದ್ದೇ ಎಡವಟ್ಟಾಯಿತು. ತಾತ ಹಸಿರು ಲೋಟ ಕೊಟ್ಟ, ಹೀರೋಯಿನ್ ಕುಡಿದಳು, ಕತ್ತು ಹಿಡಿದುಕೊಂಡು ದೊಪ್ಪೆಂದು ಬಿದ್ದಳು. ಪುಟ್ಟಿ ಚಿಟ್ಟನೆ ಚೀರಿದಳು. ಮಗಳು ಅವಳನ್ನು ಎತ್ತಿಕೊಂಡು ಹೊರಗೆ ಓಡಿದಳು.

ಮಾರನೇ ದಿನ ಕಾಂಪೌಂಡರ್ ಎಂದಿನಂತೆ ನೀರು ತುಂಬಿ ಲೋಟ ಚಾಚಿದ. ಪುಟ್ಟಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಾತ ಕೊಟ್ಟಿದ್ದು ಬೇಡ. ಅಜ್ಜಿ ಕೊಡ್ಲಿ."

ಎರಡು ದಿನದ ಮಾತು ಎಂದುಕೊಂಡರು. ಎರಡು ತಿಂಗಳಾಯಿತು. ನೀರು, ಹಾಲು, ಬಿಸ್ಕತ್ತು, ಏನೂ ಅವನ ಕೈಯಿಂದ ಬೇಡ. ಹೀರೋಯಿನ್ ಆಗಿದ್ದ ಟೈಪಿಂಗ್ ಟೀಚರನ್ನೇ ಮನೆಗೆ ಕರೆಸಿ, "ನೋಡಮ್ಮ, ಇವ್ರು ಸತ್ತಿಲ್ಲ, ಚೆನ್ನಾಗೇ ಇದಾರೆ" ಎಂದು ತೋರಿಸಿದ್ದೂ ಆಯಿತು. ಪುಟ್ಟಿ ಟೀಚರನ್ನು ಮೇಲಿನಿಂದ ಕೆಳಗೆ ನೋಡಿ, "ಇವ್ರು ಬದುಕಿಬಿಟ್ರು" ಎಂದಳು. ಅವಳಿಗೆ ಜ್ವರ ಬಂದಾಗ ಹೆಂಡತಿಯೇ ಔಷಧಿ ಕುಡಿಸಿದಳು. ಊರಿಗೆಲ್ಲ ಔಷಧಿ ಕೊಡುವವನು ಬಾಗಿಲಾಚೆ ನಿಂತು, ಪುಟ್ಟಿಗೆ ಕಾಣದ ಹಾಗೆ ಸೀಸೆ ಅಲ್ಲಾಡಿಸಿ ಕೊಟ್ಟ.

"ಚಿಕ್ಕ ಹುಡುಗಿ ರೀ, ಮರೀತಾಳೆ. ನೀವ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ?" ಎಂದಳು ಹೆಂಡತಿ.

"ಮರೀಲಿಕ್ಕೆ ಬಿಟ್ರೆ ತಾನೆ? ಮುಂದಿನ ವರ್ಷ ಮತ್ತೆ ಅದೇ ಲೋಟ, ಅದೇ ವಿಷ" ಎಂದ ಅವನು.

ಮುಂದಿನ ನಾಟಕದ ಮಾತು ಶುರುವಾದ ದಿನವೇ ಮೇಷ್ಟ್ರ ಮನೆಗೆ ಹೋಗಿ, ಒಳ್ಳೆಯವನ ಪಾರ್ಟು ಬೇಕೆಂದು ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ನಮ್ಮ ಜನ ಅರ್ಧ ಬರೋದೇ ತಡವಾಗಿ. ಬಂದವರು ಪಕ್ಕದವರ ಹತ್ರ ಮಾತಾಡ್ತಾರೆ. ಹಿಂದಿನ ಸಾಲಿಗೆ ಮಾತು ಕೇಳ್ಸೋದೇ ಇಲ್ಲ. ಕೆಟ್ಟೋನು ಯಾರು ಅಂತ ಅವರಿಗೆ ಮುಖ ನೋಡಿದ ತಕ್ಷಣ ಗೊತ್ತಾಗ್ಬೇಕು. ಅದನ್ನ ತಿಳಿಸೋಕೇ ಅರ್ಧ ಗಂಟೆ ಕಳೆದ್ರೆ, ಅವನು ಕೆಟ್ಟದ್ದು ಮಾಡೋದು ಯಾವಾಗ?"

"ಒಂದೇ ಒಂದು ಸಲ ಮೇಷ್ಟ್ರೇ. ನಮ್ಮ ಪುಟ್ಟಿಗೋಸ್ಕರ."

ಪುಟ್ಟಿಯ ಕಥೆ ಕೇಳಿ ಮೇಷ್ಟ್ರು ಕರಗಿದರು. ನಲವತ್ತು ಅಡಿ ಪರೀಕ್ಷೆಯನ್ನು ಆ ವರ್ಷ ಬದಿಗಿಟ್ಟು, ಕಾಯಿಲೆ ಬಿದ್ದ ಹೀರೋಯಿನ್ನನ್ನು ಉಳಿಸುವ ದಯಾಳು ವೈದ್ಯನ ಪಾತ್ರ ಕೊಟ್ಟರು. ಖಳನ ಪಾತ್ರ ಫೋಟೊ ಸ್ಟುಡಿಯೊದವನಿಗೆ ಹೋಯಿತು. ಹಾಲುಗಲ್ಲದ, ಗುಳಿಕೆನ್ನೆಯ ಯುವಕ. ಅವನಿಗೆ ಗಿರಿಜಾ ಮೀಸೆ ಅಂಟಿಸಿ, ಮೂಗಿನ ಮೇಲೆ ಮೇಣದ ನರೂಲಿ ಕೂರಿಸಿ, ಒಂದು ಕಾಲು ಎಳೆದು ನಡೆಯಲು ಕಲಿಸಿದರು. ಅಷ್ಟು ಮಾಡಿದರೂ ಬೀದಿಯಲ್ಲಿ ಕಳೆದುಹೋದ ಮಗುವಿನ ಹಾಗೇ ಕಾಣುತ್ತಿದ್ದ.

ಭಾನುವಾರ ಮಧ್ಯಾಹ್ನ ನಾಟಕ. ಸಭಾಂಗಣ ಭರ್ತಿ. ಪುಟ್ಟಿ ಎರಡನೇ ಸಾಲಿನಲ್ಲಿ ಅಮ್ಮ ಅಜ್ಜಿಯರ ನಡುವೆ ಕೂತಿದ್ದಳು. ಬಿಳಿ ಕೋಟು ತೊಟ್ಟ ಕಾಂಪೌಂಡರ್ ಪ್ರವೇಶಿಸಿದಾಗ ಹಿಂದಿನಿಂದ ಎಂದಿನ "ಹೋ" ಎದ್ದಿತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ಅಂಕದಲ್ಲಿ ಔಷಧಿ ಕೊಡುವ ದೃಶ್ಯ ಬಂತು. ಅವನು ಮೇಜಿನತ್ತ ಕೈ ಚಾಚಿದ. ಅಲ್ಲಿದ್ದದ್ದು ಹಸಿರು ಲೋಟ. ತಂಡದಲ್ಲಿ ಇದ್ದದ್ದೇ ಅದೊಂದು. ಬೇರೆ ಲೋಟ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವನಿಗೂ.

ಲೋಟ ಮೇಲೇಳುತ್ತಿದ್ದಂತೆ ಮೂರನೇ ಸಾಲಿನಿಂದ ಹೆಂಗಸಿನ ದನಿಯೊಂದು ಸೀಳಿಕೊಂಡು ಬಂತು.

"ಕುಡೀಬೇಡ ಕಣೇ!"

ಮಂಡಿನೋವಿನಮ್ಮ. ಎಂಟು ವರ್ಷದಿಂದ ಪ್ರತಿ ಸೋಮವಾರ ಕಾಂಪೌಂಡರ್‌ನ ಕಿಟಕಿಗೆ ಬಂದು, ಅವನು ಕೊಟ್ಟ ಔಷಧಿಯನ್ನು ಅಲ್ಲೇ ನಿಂತು ಗಟಗಟ ಕುಡಿದು, ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗುವ ಮುದುಕಿ. ಅವಳ ಹಿಂದೆ ಇಡೀ ಸಭಾಂಗಣ ಕೂಗಿತು. ಟೈಪಿಂಗ್ ಟೀಚರ್ ಲೋಟ ಹಿಡಿದು ಕಕ್ಕಾಬಿಕ್ಕಿಯಾದಳು. ಕಾಂಪೌಂಡರ್‌ಗೆ ಮಾತು ಮರೆತುಹೋಯಿತು, ಕೈಗೆ ಮಾತ್ರ ಅದರ ಅಭ್ಯಾಸ ನೆನಪಿತ್ತು. ಲೋಟ ವಾಪಸು ತೆಗೆದುಕೊಂಡು ಒಂದು ಗುಟುಕು ತಾನೇ ಕುಡಿದು ಚಪ್ಪರಿಸಿದ.

"ನಾಟಕ ಆಡ್ತಿದಾನೆ, ನಂಬ್ಬೇಡ!" ಎಂದು ಯಾರೋ ಕೂಗಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ನಡುವೆ ಫೋಟೊ ಸ್ಟುಡಿಯೊದವನು ಕಾಲೆಳೆಯುತ್ತ ಬಂದು ತಿಜೋರಿ ಒಡೆದು ಹೋದದ್ದನ್ನು ಯಾರೂ ಗಮನಿಸಲಿಲ್ಲ. ಕೊನೆಯಲ್ಲಿ ಪೊಲೀಸರು ಅವನನ್ನು ಹಿಡಿದಾಗ, ಪಾಪದವನನ್ನು ಹಿಡಿದರೆಂದು ಜನ ಗೊಣಗಿಕೊಂಡೇ ಎದ್ದರು.

ಮನೆಗೆ ಬರುವ ದಾರಿಯಲ್ಲಿ ಪುಟ್ಟಿ ಅಮ್ಮನ ಕೈ ಹಿಡಿದು ಆಚೆ ಮಗ್ಗುಲಲ್ಲೇ ನಡೆದಳು. ಅವನೇ ಕೇಳಿದ: "ಈ ಸಲ ತಾತ ಒಳ್ಳೇವ್ನಾಗಿದ್ದ. ನೋಡಿದ್ಯಾ ಪುಟ್ಟಿ?"

"ಹೋದ್ಸಲ ನೀನು ಕೆಟ್ಟೋನು ಅಂತ ಎಲ್ಲಾರ್ಗೂ ಗೊತ್ತಿತ್ತು. ಈ ಸಲ ಒಳ್ಳೇವ್ನ ಥರ ಬಂದೆ" ಎಂದಳು ಪುಟ್ಟಿ.

ಇದ್ದ ಒಂದು ಭಯದ ಮೇಲೆ ಇನ್ನೊಂದನ್ನು ತಾನೇ ಕೈಯಾರೆ ಹೇರಿದೆನಲ್ಲ ಎಂದು ಅವನಿಗೆ ಸಂಕಟವಾಯಿತು. ಮನೆಗೆ ಬಂದು ಬಿಳಿ ಕೋಟು ಮಡಿಸಿಟ್ಟ.

ಮರುದಿನದಿಂದ ಪುಟ್ಟಿಗೆ ಶಾಲೆಯ ರಜೆ. ಬಿದ್ದು ಕೈ ಮುರಿದುಕೊಂಡಿದ್ದ ತನ್ನ ತಂಗಿಯನ್ನು ನೋಡಿಕೊಳ್ಳಲು ಅಜ್ಜಿ ಊರಿಗೆ ಹೋದಳು, ಮಗಳಿಗೆ ಪರೀಕ್ಷೆಯ ಪತ್ರಿಕೆ ತಿದ್ದುವ ಕೆಲಸ. ಬೇರೆ ದಾರಿಯಿಲ್ಲದೆ ಪುಟ್ಟಿ ತಾತನ ಜೊತೆ ದವಾಖಾನೆಗೆ ಬಂದಳು. ಹೊರಡುವ ಮುಂಚೆ ಅಜ್ಜಿ ತುಂಬಿಕೊಟ್ಟ ನೀರಿನ ಬಾಟಲಿಯನ್ನು ಎದೆಗೆ ಅವುಚಿಕೊಂಡು ಕಿಟಕಿಯ ಒಳಗಿನ ಸ್ಟೂಲಿನ ಮೇಲೆ ಕೂತು, ಕಣ್ಣು ಮಿಟುಕಿಸದೆ ಕಾವಲು ಕಾದಳು. ಸಭಾಂಗಣದ ಧೂಳಿಗೋ ಏನೋ ಅವಳಿಗೆ ಕೆಮ್ಮು ಹತ್ತಿತ್ತು. ತಾತನ ಮುಂದೆ ಹತ್ತು ಬಗೆಯ ಕೆಮ್ಮಿನ ಔಷಧಿ ಸಾಲಾಗಿದ್ದವು. ಅವನು ಒಂದನ್ನೂ ಮುಟ್ಟಿ ತೋರಿಸಲಿಲ್ಲ.

ಹತ್ತು ಗಂಟೆಗೆ ಮಂಡಿನೋವಿನಮ್ಮ ಬಂದಳು. ಕಾಂಪೌಂಡರ್ ಸುರಿದುಕೊಟ್ಟದ್ದನ್ನು ಎಂದಿನಂತೆ ನಿಂತಲ್ಲೇ ಕುಡಿದು ಮುಖ ಸಿಂಡರಿಸಿದಳು. ಪುಟ್ಟಿ ಸ್ಟೂಲಿನಿಂದ ಅರ್ಧ ಎದ್ದಳು.

"ಅಜ್ಜೀ, ನೀವು ನಿನ್ನೆ ಕುಡೀಬೇಡ ಅಂತ ಕೂಗಿದ್ರಿ."

"ಕೂಗ್ದೆ. ಗಂಟಲು ಕಟ್ಟೋಯ್ತು ನೋಡು."

"ಇವತ್ತು ನೀವೇ ಕುಡಿದ್ರಲ್ಲ?"

"ಅಯ್ಯೋ ನನ್ನ ತಾಯಿ, ಅದು ನಾಟಕ. ಇದು ಮಂಡಿ." ಮುದುಕಿ ಕಿಟಕಿಗೆ ಮೊಣಕೈ ಊರಿ ಸುಧಾರಿಸಿಕೊಂಡಳು. "ಕೇಳಿಲ್ಲಿ. ನನ್ನ ತಂಗಿ ಮಗ ಇದ್ದ. ಚಂದ ಅಂದ್ರೆ ಚಂದ, ದೃಷ್ಟಿ ತೆಗೀಬೇಕು, ಹಾಗಿದ್ದ. ದೊಡ್ಡಮ್ಮ ದೊಡ್ಡಮ್ಮ ಅಂತ ಕಾಲು ಒತ್ತಿ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ನನ್ನ ಮನೇನೇ ನುಂಗ್ದ. ಅವನ ಮುಖದಲ್ಲಿ ಒಂದು ಮಚ್ಚೆಯಾದ್ರೂ ಇತ್ತಾ? ಇರ್ಲಿಲ್ಲ. ಹೊರಗೆ ಹಾಗೇನೇ, ಕೆಟ್ಟೋರ ಗುರುತೇ ಸಿಗಲ್ಲ. ನಾಟಕದಲ್ಲಿ ನಿಮ್ಮ ತಾತ ಬಂದ ತಕ್ಷಣ ಗುರುತು ಸಿಗುತ್ತೆ. ಬಾಯ್ತುಂಬ ಕೂಗ್ಬಹುದು. ವರ್ಷಕ್ಕೊಂದ್ಸಲ ಅಷ್ಟೂ ಬೇಡ್ವಾ ನಂಗೆ?"

ನಂತರ ಕಾಂಪೌಂಡರ್‌ನತ್ತ ತಿರುಗಿ ದನಿ ಏರಿಸಿದಳು: "ಏನಪ್ಪ, ಇನ್ಮೇಲೆ ಆ ಬಿಳಿ ಕೋಟು ಗಿಳಿ ಕೋಟು ಎಲ್ಲಾ ಬೇಡ. ಯಾರ್ನ ಬೈಬೇಕು ಅಂತ್ಲೇ ತಿಳೀಲಿಲ್ಲ."

ಪುಟ್ಟಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮುದುಕಿ ಬೀದಿ ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ, ಬೀಳುತ್ತಾಳೇನೋ ಎಂದು ನೋಡುತ್ತಿದ್ದಳು. ಆ ದಿನ ನಲವತ್ತಕ್ಕೂ ಹೆಚ್ಚು ಜನ ಬಂದರು. ಮಂಗಳವಾರ ಅಷ್ಟೇ ಜನ. ಸೋಮವಾರ ಕುಡಿದು ಹೋದ ಕೆಲವರು ಮಂಗಳವಾರ ಜೀವಂತವಾಗಿ ಮತ್ತೆ ಬಂದದ್ದನ್ನು ಪುಟ್ಟಿ ಗುರುತಿಸಿದಳು. "ನೋಡಿದ್ಯಾ?" ಎಂದು ಕೇಳುವ ಆಸೆಯಾದಾಗಲೆಲ್ಲ ಕಾಂಪೌಂಡರ್ ಇನ್ನೊಂದು ಸೀಸೆಗೆ ಪಟ್ಟಿ ಅಂಟಿಸಿದ.

ಬುಧವಾರ ಹನ್ನೊಂದರ ಹೊತ್ತಿಗೆ ತಲೆಯೆತ್ತಿದರೆ ಸ್ಟೂಲು ಖಾಲಿ. ಗಾಬರಿಯಿಂದ ಹೊರಗೆ ಇಣುಕಿದ. ಸಾಲಿನಲ್ಲಿ ಪೋಸ್ಟ್‌ಮ್ಯಾನ್‌ನ ಹಿಂದೆ, ನೀರಿನ ಬಾಟಲಿಯ ಮುಚ್ಚಳವನ್ನು ಬಟ್ಟಲಿನಂತೆ ಹಿಡಿದು ಪುಟ್ಟಿ ನಿಂತಿದ್ದಳು. ಅವಳ ಸರದಿ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಹಣೆ ಮಾತ್ರ ಕಂಡಿತು. ಕಾಂಪೌಂಡರ್ ಎಲ್ಲರನ್ನೂ ಕೇಳುವಂತೆಯೇ ಕೇಳಿದ:

"ಏನು ತೊಂದ್ರೆ?"

"ಕೆಮ್ಮು."

"ಎಷ್ಟು ದಿನದಿಂದ?"

"ನಾಟಕದಿಂದ."

ಅವನು ಮುಚ್ಚಳಕ್ಕೆ ಅರ್ಧ ಚಮಚ ಸುರಿದ. ತನ್ನ ನಾಲಿಗೆಗೆ ಹನಿ ಬಿಟ್ಟುಕೊಳ್ಳಲು ಹೋದವನು ನಾಟಕ ನೆನಪಾಗಿ ತಡೆದುಕೊಂಡ. ಪುಟ್ಟಿ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು. ಕುಡಿದು ಸ್ವಲ್ಪ ಹೊತ್ತು ಹಾಗೇ ನಿಂತು, ತನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ, "ಥೂ, ಕಹಿ" ಎಂದಳು. ಮುಂದಿನವನ ಚೀಟಿ ಓದಲು ಕಾಂಪೌಂಡರ್‌ಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುವರ್ಷ ಅವನು ಮತ್ತೆ ಖಳ. ಮೇಷ್ಟ್ರು ನೆಮ್ಮದಿಯಿಂದ ಕೊನೆಯ ಬೆಂಚಿಗೆ ಮರಳಿದರು. ಎರಡನೇ ಅಂಕದಲ್ಲಿ ಅವನು ರೆಪ್ಪೆಯನ್ನು ಇನ್ನಷ್ಟು ಇಳಿಬಿಟ್ಟು, ಹಸಿರು ಲೋಟ ಎತ್ತಿ ಗಹಗಹಿಸಿದಾಗ ಮೊದಲ ಸಾಲಿನಿಂದ ಎರಡು ದನಿ ಒಟ್ಟಿಗೆ ಎದ್ದವು. ಒಂದು ಮಂಡಿನೋವಿನಮ್ಮನದು. ಅದನ್ನು ಮುಳುಗಿಸಿದ್ದು ಪುಟ್ಟಿಯದು. ಅವಳು ಬೆಂಚಿನ ಮೇಲೆ ಹತ್ತಿ ನಿಂತು, ಮುಖ ಕೆಂಪಗೆ ಮಾಡಿಕೊಂಡು, ಸೂರು ಹಾರಿಹೋಗುವಂತೆ "ಕುಡೀಬೇಡಾ!" ಎಂದು ಕೂಗುತ್ತಿದ್ದಳು.

ಪರದೆ ಬಿದ್ದ ಮೇಲೆ ಅವಳು ಒಳಗೆ ಓಡಿ ಬಂದಳು. ದನಿ ಪೂರ್ತಿ ಒಡೆದಿತ್ತು.

"ತಾತ, ನೀರು."

ಹೂಜಿಯಲ್ಲಿ ನೀರಿತ್ತು. ಕಾಂಪೌಂಡರ್ ಸುತ್ತಮುತ್ತ ಬೇರೆ ಲೋಟಕ್ಕಾಗಿ ತಡಕಾಡಿದ. ಪೆಟ್ಟಿಗೆಯಲ್ಲಿ ಹುಡುಕಿದ, ಬಣ್ಣದ ಡಬ್ಬಿಗಳ ಹಿಂದೆ ಹುಡುಕಿದ.

"ಅದ್ರಲ್ಲೇ ಕೊಡು" ಎಂದಳು ಪುಟ್ಟಿ, ಹಸಿರು ಲೋಟ ತೋರಿಸಿ.

ತೊಳೆದು, ತುಂಬಿ ಕೊಟ್ಟ. ಅವಳು ಎರಡೂ ಕೈಯಲ್ಲಿ ಹಿಡಿದು, ಕಣ್ಣು ತೆರೆದುಕೊಂಡೇ, ತಳ ಕಾಣುವವರೆಗೆ ಕುಡಿದಳು. ಆಮೇಲೆ ಲೋಟವನ್ನು ಅವನತ್ತ ಚಾಚಿದಳು.

"ಇನ್ನೂ ಬೇಕು."