ಲೇಥ್ ಮುಂದೆ ಗ್ಲೌಸ್

ರಿಪೋರ್ಟಿಗೆ ಸಹಿ ಹಾಕಿ ಸೀಲ್ ಒತ್ತಿದ್ದರೆ ಎರಡೇ ನಿಮಿಷದ ಕೆಲಸ. ಆದರೆ ಕರೆಂಟ್ ಹೋಗಿತ್ತು, ಮಾಡಲು ಬೇರೇನೂ ಇರಲಿಲ್ಲ, ಅದಕ್ಕೇ ಓದಿದೆ. ಇಲ್ಲದಿದ್ದರೆ ನಾನೆಲ್ಲಿ ಓದುವವನು!

ಚೈತ್ರಾ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗಿ. ಪೀಣ್ಯದಲ್ಲಿ ಕಬ್ಬಿಣ ಕಡೆಯುವ ನಮ್ಮ ಲೇಥ್ ವರ್ಕ್‌ಶಾಪಿನಲ್ಲಿ ಒಂದು ತಿಂಗಳು ಇಂಟರ್ನ್‌ಶಿಪ್ ಮಾಡಿದಳು. ಮೊನ್ನೆ ರಿಪೋರ್ಟ್ ತಂದಳು, ಮಾರನೇ ದಿನವೇ ಸಬ್ಮಿಷನ್.

ಇಂಗ್ಲಿಷ್ ಎಷ್ಟು ಚೆನ್ನಾಗಿತ್ತೆಂದರೆ, ನಮ್ಮದೇ ಶೆಡ್ ನನಗೆ ಗುರುತು ಸಿಗಲಿಲ್ಲ.

ಸೇಫ್ಟಿ ಪುಟದಲ್ಲಿ ಒಂದು ಸಾಲು... ಲೇಥ್ ಓಡಿಸುವಾಗ ಇಲ್ಲಿನ ಎಲ್ಲ ಕೆಲಸಗಾರರೂ ಕಡ್ಡಾಯವಾಗಿ ಗ್ಲೌಸ್ ಹಾಕುತ್ತಾರಂತೆ.

ಅಲ್ಲೇ ಓದು ನಿಲ್ಲಿಸಿದೆ. ತಿರುಗುವ ಲೇಥ್ ಹತ್ತಿರ ಗ್ಲೌಸ್ ಹಾಕಲೇಬಾರದು. ತುದಿ ಸಿಕ್ಕಿಕೊಂಡರೆ ಮೆಷಿನ್ ಕೈಯನ್ನೇ ಎಳೆದುಕೊಳ್ಳುತ್ತದೆ.

ಲೇಥ್ ಓಡಿಸುವ ನಮ್ಮ ಟರ್ನರ್ ಬಸಣ್ಣನನ್ನು ಕರೆದು ಆ ಸಾಲು ಹೇಳಿದೆ. ರಾಯಚೂರು ಕಡೆಯವನು, ಮಾತು ಕಡಿಮೆ. ಎರಡು ಬೆರಳಿಲ್ಲದ ಎಡಗೈಯನ್ನು ಅವಳ ಮುಂದೆ ಚಾಚಿದ.

"ಹೊಸದಾಗಿ ಬಂದಾಗ ನಾನೂ ಗ್ಲೌಸ್ ಹಾಕ್ಕೊಂಡಿದ್ನಿ ನೋಡವ್ವಾ. ತಿಂಗಳಪೂರ್ತಿ ಬಾಜೂಕ ನಿಂತಿದ್ದಿ, ಒಂದ್ ಮಾತ ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?"

ಚೈತ್ರಾ ತಲೆ ತಗ್ಗಿಸಿದಳು. "ಎಐ ಹತ್ರ ಬರೆಸ್ದೆ ಸಾರ್. ಎಲ್ರೂ ಹಂಗೇ ಮಾಡೋದು. ಕಾಲೇಜಲ್ಲಿ ಯಾರೂ ಓದಲ್ಲ, ಸೀಲ್ ಇದ್ಯಾ ಅಂತ ನೋಡ್ತಾರೆ ಅಷ್ಟೇ."

ಸಿಟ್ಟು ನೆತ್ತಿಗೇರಿತ್ತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಓದದೇ ಸೀಲ್ ಒತ್ತುವವರಲ್ಲಿ ನಾನೂ ಒಬ್ಬ.

ಆದರೂ ಸಹಿ ಹಾಕಲಿಲ್ಲ. ಅತ್ತಳು. ಪಾಪ ಅನ್ನಿಸಿತು, ರಿಪೋರ್ಟ್ ಮಾತ್ರ ಹಾಗೇ ವಾಪಸ್ ಕೊಟ್ಟೆ.

ಆಮೇಲೆ ಮುಖ ತೊಳೆದು ಬಂದು, ಬಸಣ್ಣನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡಳು. ಆ ಮನುಷ್ಯ ಅಷ್ಟೊಂದು ಮಾತಾಡಿದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ಯಾವ ಸದ್ದು ಬಂದರೆ ಟೂಲ್ ಮೊಂಡಾಗಿದೆ ಎಂದರ್ಥ, ಕಡೆಯುವಾಗ ಸುರುಳಿಯಾಗಿ ಬರುವ ಚೂಪು ಚಿಪ್ಸನ್ನು ಯಾವುದರಿಂದ ಎಳೆಯಬೇಕು... ಎಲ್ಲ ಹೇಳಿದ.

ಸಂಜೆ ಅವಳು ತಂದದ್ದು ಆರು ಪುಟದ ಕೈಬರಹ. ಇಂಗ್ಲಿಷ್ ಅಲ್ಲಲ್ಲಿ ತಪ್ಪಿತ್ತು, ಕೆಲಸ ಸರಿಯಾಗಿತ್ತು. ಅದಕ್ಕೆ ಸಹಿ ಹಾಕಿದೆ. ಕಾಲೇಜಿನವರು ಒಪ್ಪಿದರೋ ಇಲ್ಲವೋ, ಇನ್ನೂ ಗೊತ್ತಿಲ್ಲ.

ನನಗೆ ಮಾತ್ರ ಸಮಾಧಾನವಿಲ್ಲ. ಹೋದ ವರ್ಷ ಮೂವರ ರಿಪೋರ್ಟಿಗೆ ಒಂದು ಪುಟವನ್ನೂ ತಿರುವಿ ನೋಡದೆ ಸೀಲ್ ಒತ್ತಿದ್ದೆ. ಅವರಲ್ಲೊಬ್ಬ ಈಗ ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಹೊಸ ಕೆಲಸಗಾರರಿಗೆ ಸೇಫ್ಟಿ ಹೇಳಿಕೊಡುತ್ತಿದ್ದಾನೆ.

ನಿನ್ನೆಯಿಂದ ಅವನ ನಂಬರ್ ತೆಗೆಯುತ್ತೇನೆ, ಇಡುತ್ತೇನೆ... ಫೋನ್ ಮಾಡಿ ಏನೆಂದು ಕೇಳಲಿ, ನೀವೇ ಹೇಳಿ?