ಖುರ್ಚಿ ಬಿಟ್ಟೇಳದ ಸೋದರಮಾವ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಮೊನ್ನೆ ಜೋಳದ ಹಿಟ್ಟಿನ ಚೀಲ ಬಿಚ್ಚಿದಾಗ ಆ ಮಾತು ಮತ್ತೆ ನೆನಪಾಯಿತು. ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ಅವರ ಗ್ರೋಸರಿ ಅಂಗಡಿಯಲ್ಲೂ ಇದೇ ವಾಸನೆ. ಹಿಟ್ಟು, ಇಂಗು, ಒದ್ದೆಯಾದ ರಟ್ಟಿನ ಪೆಟ್ಟಿಗೆ... ಅಲ್ಲಿ ದುಡಿಯುತ್ತಲೇ ನಾನು ಕಾಲೇಜು ಓದಿದೆ. ನಮ್ಮ ಮನೆತನದಲ್ಲಿ ಅದಕ್ಕೆ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

"ನಲವತ್ತರ ಹತ್ರ ಬಂದಾಗ ಯಾರರ ಓಪನಿಂಗ್ ಬ್ಯಾಟಿಂಗಿಗೆ ಇಳೀತಾರೇನವಾ? ಇದು ಆಗೂದಲ್ಲ," ಎಂದಿದ್ದರು.

ಅವರಿಗೆ ಎಲ್ಲವೂ ಕ್ರಿಕೆಟ್ಟೇ. ಹುಡುಗಿ ಕೈಬಿಟ್ಟಳೆಂದು ಮುಖ ಇಳಿಬಿಟ್ಟು ಬಂದ ಹುಡುಗನಿಗೆ, "ಪವರ್ ಪ್ಲೇದಾಗ ಎಲ್ಲಾ ಹೊಡದು ಮುಗಿಸಿದಿ ತಮ್ಮಾ, ಇನ್ನ ಸಿಂಗಲ್ ತಗೋತ ಇರು." ಎದುರಿಗೇ ದೊಡ್ಡ ಅಂಗಡಿ ಬಂದು ನಮ್ಮ ಗಿರಾಕಿಗಳೆಲ್ಲ ಅತ್ತ ಹೊರಳಿದಾಗ, "ಬಿಸಿನೆಸ್ಸು ಅಂದ್ರ ಟೆಸ್ಟ್ ಮ್ಯಾಚು, ನಿಂತ್ರ ಸಾಕು." ಕೆಲಸ ಕಳೆದುಕೊಂಡ ಎಂಜಿನಿಯರೊಬ್ಬರಿಗೆ, "ಅಂಪೈರ್ ಬೆರಳೆತ್ತಿದ ಮ್ಯಾಲೆ ನಡೀಬೇಕ್ರಿ," ಅಂದುಬಿಟ್ಟರು. ಆ ಮನುಷ್ಯ ಕೊತ್ತಂಬರಿ ಕಟ್ಟು ಅಲ್ಲೇ ಇಟ್ಟು ಹೊರಟುಹೋದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ನನ್ನ ಡಿಗ್ರಿ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಯೊಂದರಲ್ಲಿ ಸಿಕ್ಕಿಕೊಂಡಿತ್ತು. ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಆದರೆ ಅಷ್ಟು ವರ್ಷದ ಓದು ನೀರುಪಾಲು. ಆ ಬೆಳಗ್ಗೆ ಟೊಮೇಟೊ ಜೋಡಿಸಿಟ್ಟು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಟೀವಿಯಲ್ಲಿ ಮ್ಯಾಚು ನಡೆದಿತ್ತು.

"ಅಲ್ಲಾಡಬ್ಯಾಡ! ನೀ ಅಲ್ಲಿ ನಿಂತಾಗಿಂದ ಒಂದೂ ವಿಕೆಟ್ ಬಿದ್ದಿಲ್ಲ."

"ಮಾಮಾ, ನನ್ನ ಪರೀಕ್ಷಾ ಐತಿ!"

"ಒಂದ ಹತ್ತು ಓವರ್, ನಮ್ಮವ್ವ."

ಬಾಗಿಲು ದಢಾರನೆ ಹಾಕಿಕೊಂಡು ಹೋದೆ. ಬಸ್ಸಿನಲ್ಲಿ ಫ್ರೀವೇ ಉದ್ದಕ್ಕೂ ಮಾವನನ್ನು ಬೈದುಕೊಂಡೆ.

ಮಧ್ಯಾಹ್ನ ವಾಪಸು ಬಂದಾಗ ಟೀವಿ ಆರಿತ್ತು. ಮಾವ ಕೌಂಟರಿನ ಹಿಂದಿನ ಖುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದರು. ಗಿರಾಕಿಗಳು ತಾವೇ ತಕ್ಕಡಿಗೆ ಬದನೆಕಾಯಿ ಇಟ್ಟು ತೂಗಿಕೊಳ್ಳುತ್ತಿದ್ದರು.

ಅತ್ತೆ ಕಣ್ಣು ಕೆಕ್ಕರಿಸಿ, "ನೀ ಹೋದಾಗಿಂದ ಹಿಂಗ ಕೂತಾರ. ಊಟಕ್ಕೂ ಎದ್ದಿಲ್ಲ," ಎಂದರು.

"ಏಳಲಿ ಹ್ಯಾಂಗ? ಈಕಿ ಕ್ರೀಸಿನ್ಯಾಗ ಇದ್ಲಲ್ಲ," ಎಂದು ಮಾವ ಸೊಂಟ ಹಿಡಿದುಕೊಂಡು ಎದ್ದರು.

ಆಗ ಕರಗಿದ್ದು ನಿಜ. ಆದರೆ ಪಾಸಾದೆ ನೋಡಿ, ಮುಗಿಯಿತು. ಬಂದವರಿಗೆಲ್ಲ, "ನಾ ಕೂತೆ, ಈಕಿ ಪಾಸಾದ್ಲು!" ನಾನು ಬೆಳಗಿನ ಜಾವ ಎದ್ದು ಉರು ಹೊಡೆದದ್ದು, ಬಸ್ಸಿನಲ್ಲಿ ಲೆಕ್ಕ ಬಿಡಿಸಿದ್ದು, ಎಲ್ಲಾ ಆ ಖುರ್ಚಿಯ ಖಾತೆಗೆ! "ಮಾಮಾ, ಓದಿದಾಕಿ ನಾನು," ಎಂದು ಎಷ್ಟು ಸಲ ಜಗಳಾಡಿದೆನೋ. "ಅದೂ ಇರಬೇಕು ಬಿಡು," ಅನ್ನುತ್ತಿದ್ದರು.

ಉಳಿದ ಕೆಲವು ಕೋರ್ಸುಗಳನ್ನು ನಾನು ಮುಗಿಸುವಷ್ಟರಲ್ಲಿ ಅವರು ಹೋಗಿಬಿಟ್ಟರು. ಎದೆನೋವು ಎಂದರು, ಆಸ್ಪತ್ರೆ ಮುಟ್ಟುವ ಹೊತ್ತಿಗೆ... ಅಂಗಡಿ ಈಗ ಬೇರೆಯವರ ಕೈಯಲ್ಲಿದೆ.

ಕಳೆದ ವಾರ ಸರ್ಟಿಫಿಕೇಟು ಅಂಚೆಯಲ್ಲಿ ಬಂತು. ಅದನ್ನು ಅತ್ತೆಯ ಅಪಾರ್ಟ್‌ಮೆಂಟಿಗೆ ಒಯ್ದು ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಬೆರಳಾಡಿಸಿದರು.

"ಇದು ನೀ ಓದಿ ತಗೊಂಡದ್ದು, ನಂಗ ಗೊತ್ತೈತಿ," ಎಂದರು. ಸರ್ಟಿಫಿಕೇಟನ್ನು ನನಗೆ ಮರಳಿಸುತ್ತ ಮತ್ತೆ ಅಂದರು, "ಆದ್ರ ಅಲ್ಲ ಅಂತ ವಾದ ಮಾಡಾಕ ಅವರ ಇಲ್ಲಲ್ಲವಾ... ಇನ್ನ ಜಗಳ ಆಡೂದರ ಯಾರ ಜೋಡಿ?"